ಯಾಕ್ ಚರ್ಮ, ಎಮ್ಮೆ ಚರ್ಮ, ಗಂಬೂಟು: ಎರಡು ಮಳೆಗಾಲ ನಡೆದು ನೋಡಿದ್ದು

ನಾನು ಹೊಸನಗರ ಕಡೆಯ ಹಳ್ಳಿಗಳಲ್ಲಿ ಅಂಚೆ ಹಂಚುವವನು. ನಮ್ಮಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಹಳ್ಳದ ಆಚೆ. ಬೈಕು ಹೋಗುವಷ್ಟು ದೂರ ಬೈಕು, ಆಮೇಲೆ ಕಾಲು. ದಿನಕ್ಕೆ ಹೆಚ್ಚುಕಡಿಮೆ ಹತ್ತು ಕಿಲೋಮೀಟರ್ ನಡಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಕಾಲು ಒಣಗುವುದು ರಾತ್ರಿ ಒಲೆ ಮುಂದೆ ಕೂತಾಗ ಮಾತ್ರ. ಬೆರಳ ಸಂದಿ ಬೆಳ್ಳಗಾಗಿ ಬಿರಿದು ಉರಿ ಶುರುವಾದರೆ ಗಣೇಶನ ಹಬ್ಬದವರೆಗೂ ಬಿಡುವುದಿಲ್ಲ. ಹಾಗಾಗಿ ಕಾಲಿಗೆ ಏನು ಹಾಕಬೇಕು ಅನ್ನುವುದು ನನಗೆ ದೊಡ್ಡ ವಿಷಯ.

ವರ್ಷಗಟ್ಟಲೆ ನನ್ನ ಹತ್ತಿರ ಇದ್ದದ್ದು ಎರಡೇ. ಒಂದು ಗಂಬೂಟು, ಇನ್ನೊಂದು ಶಿವಮೊಗ್ಗದಲ್ಲಿ ಹೊಲಿಸಿದ ಎಮ್ಮೆ ಚರ್ಮದ ಶೂ. ಹೋದ ವರ್ಷ ಜರ್ಮನಿಯಲ್ಲಿರುವ ನನ್ನ ಅಕ್ಕನ ಮಗ ಊರಿಗೆ ಬಂದವನು ಯಾಕ್ ಚರ್ಮದ ಶೂ ತಂದುಕೊಟ್ಟ. ಯಾಕ್ ಅಂದರೆ ಹಿಮಾಲಯದ ಕಡೆ ಸಾಕುವ, ಉದ್ದ ಕೂದಲಿನ ದನದಂಥ ಪ್ರಾಣಿ. "ಮಾವ, ನಿಮ್ಮ ಕಾಲಿಗೇ ಅಂತ ತಂದೆ, ಕಪಾಟಲ್ಲಿ ಇಡಬೇಡಿ" ಅಂದ. ಇಡಲಿಲ್ಲ. ಎರಡು ಮಳೆಗಾಲ ಮೂರನ್ನೂ ಬದಲಿಸಿ ಬದಲಿಸಿ ಹಾಕಿದ್ದೇನೆ.

ಮೊದಲು ತೂಕ. ನಮ್ಮ ಆಫೀಸಿನ ಪಾರ್ಸೆಲ್ ತಕ್ಕಡಿಯಲ್ಲೇ ಇಟ್ಟು ನೋಡಿದೆ. ಒಂದು ಕಾಲಿನ ಗಂಬೂಟು 960 ಗ್ರಾಂ. ಎಮ್ಮೆ ಚರ್ಮದ್ದು 730. ಯಾಕ್ ಚರ್ಮದ್ದು 540. ಎಮ್ಮೆಗೂ ಯಾಕ್‌ಗೂ 190 ಗ್ರಾಂ ವ್ಯತ್ಯಾಸ. ಕೈಯಲ್ಲಿ ಹಿಡಿದರೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಹತ್ತು ಕಿಲೋಮೀಟರ್ ಅಂದರೆ ಸುಮಾರು 14,000 ಹೆಜ್ಜೆ, ಒಂದೊಂದು ಕಾಲನ್ನು 7,000 ಸಲ ಎತ್ತಬೇಕು. ಲೆಕ್ಕ ಹಾಕಿ ನೋಡಿ, ಒಂದೇ ಕಾಲಿಗೆ ದಿನಕ್ಕೆ 1,300 ಕಿಲೋ ಕಡಿಮೆ ಎತ್ತಿದ ಹಾಗಾಯಿತು. ಸಂಜೆ ಮೀನಖಂಡ ಹೇಳುವುದೂ ಅದನ್ನೇ. ಗಂಬೂಟಿನ ದಿನ ಜಗಲಿ ಮೆಟ್ಟಿಲು ಹತ್ತುವಾಗ ಕಾಲು ಎಳೆಯುತ್ತದೆ, ಯಾಕ್ ಶೂ ದಿನ ಎಳೆಯುವುದಿಲ್ಲ.

ಇಷ್ಟು ಹಗುರ ಹೇಗೆ? ಶಿವಮೊಗ್ಗದ ಗಾಂಧಿ ಬಜಾರ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ತೋರಿಸಿದೆ. ನನ್ನ ಎಮ್ಮೆ ಶೂ ಹೊಲಿದವರೂ ಅವರೇ. ಅವರು ಲೇಸ್ ಪಟ್ಟಿಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದರು. ಆಮೇಲೆ ಲೇಸಿನ ಕೆಳಗಿರುವ ಶೂ ನಾಲಿಗೆಯ ಒಂದು ಮೂಲೆಗೆ ದಬ್ಬಳ ಚುಚ್ಚಿ ನೋಡಿದರು. "ತೆಳ್ಳಗಿದೆ ಸ್ವಾಮಿ, ಆದ್ರೆ ದಬ್ಬಳ ಇಳೀತಿಲ್ಲ ನೋಡಿ. ನಾರು ಒತ್ತೊತ್ತಾಗಿದೆ" ಅಂದರು. ವಿಷಯ ಇರುವುದು ಅಲ್ಲೇ. ಎಮ್ಮೆ ಚರ್ಮದ ನಾರು ಸ್ವಲ್ಪ ಒರಟು, ಸಡಿಲ. ಗಟ್ಟಿ ಬೇಕೆಂದರೆ ದಪ್ಪವಾಗಿಯೇ ಬಳಸಬೇಕು. ಯಾಕ್ ಚರ್ಮದ ನಾರು ಒತ್ತಾಗಿ ಹೆಣೆದುಕೊಂಡಿರುವುದರಿಂದ ತೆಳ್ಳಗೆ ಮಾಡಿದರೂ ಹರಿಯುವುದಿಲ್ಲ. ಡೆನ್ಮಾರ್ಕಿನ ಎಕ್ಕೊ ಕಂಪನಿ ಗಾಲ್ಫ್ ಶೂಗಳಿಗೆ ಈ ಚರ್ಮ ಬಳಸಿ ಹೆಸರು ಮಾಡಿದ್ದೂ ಇದೇ ಗುಣದಿಂದ. ಗಾಲ್ಫ್ ಆಡುವವರೂ ನನ್ನ ಹಾಗೇ ಒದ್ದೆ ಹುಲ್ಲಿನ ಮೇಲೆ ಮೈಲಿಗಟ್ಟಲೆ ನಡೆಯುವವರು ತಾನೇ.

ಮಾರುವವರು ಮಾಮೂಲಿ ಚರ್ಮಕ್ಕಿಂತ ಮೂರು ಪಟ್ಟು ಗಟ್ಟಿ ಅನ್ನುತ್ತಾರೆ. ಅಷ್ಟು ದೊಡ್ಡ ಮಾತು ನಾನು ಹೇಳುವುದಿಲ್ಲ. ನನ್ನ ಕಣ್ಣಿಗೆ ಕಂಡದ್ದು ಇಷ್ಟು: ಎಮ್ಮೆ ಶೂ ಒಂದೇ ಮಳೆಗಾಲಕ್ಕೆ ಬೆರಳು ಮಡಚುವ ಜಾಗದಲ್ಲಿ ಸೀಳಲು ಶುರುವಾಗಿತ್ತು, ಯಾಕ್ ಶೂನಲ್ಲಿ ಎರಡು ಮಳೆಗಾಲದ ಮೇಲೂ ಅಲ್ಲಿ ಬರೀ ನೆರಿಗೆ ಇದೆ. ಬೇಲಿಯ ಮುಳ್ಳುತಂತಿ ತಾಗಿ ಎಡಗಾಲಿನದಕ್ಕೆ ಒಂದು ಗೀರು ಬಿತ್ತು. ಬೆರಳಾಡಿಸಿದರೆ ಸಿಗುತ್ತದೆ, ಒಳಗೆ ಇಳಿದಿಲ್ಲ.

ಆ ಪ್ರಾಣಿಯ ಬದುಕು ನೆನೆದರೆ ಆಶ್ಚರ್ಯವಿಲ್ಲ. ನಮ್ಮ ಕೊಡಚಾದ್ರಿ 1,343 ಮೀಟರ್ ಎತ್ತರ. ಯಾಕ್ ಹೆಚ್ಚಾಗಿ ಇರುವುದು 3,000 ಮೀಟರ್‌ಗಿಂತ ಮೇಲೆ, ಟಿಬೆಟ್, ಲಡಾಖ್, ಸಿಕ್ಕಿಂ, ಅರುಣಾಚಲದ ಕಡೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ಬಯಲಲ್ಲೇ ನಿಂತು ತಡೆಯುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಒಂದು ಮನೆಯಲ್ಲಿ ಪಿಂಚಣಿ ಕೊಡಲು ಹೋದಾಗ ಅಲ್ಲಿನ ಅಜ್ಜಿ "ಎಂತ ಶೂ ಅದು ಪೋಸ್ಟಣ್ಣ, ಹೊಸ ಥರ ಇದೆ?" ಅಂದರು. ಯಾಕ್ ಅಂದೆ, ಗೊತ್ತಾಗಲಿಲ್ಲ. ಚಮರೀಮೃಗ ಅಂದೆ. ಅಜ್ಜಿಯ ಮುಖ ಬಾಡಿತು. "ದೇವರಿಗೆ ಚಾಮರ ಬೀಸ್ತಾರಲ್ಲ, ಅದರ ಬಾಲದ ಕೂದಲಲ್ವಾ? ಅದನ್ನ ಕಾಲಿಗೆ ಹಾಕ್ಕೊಂಡ್ಯಾ ಮಾರಾಯ?" ನಿಜ, ಚಾಮರ ಅದರ ಬಾಲದ ಕೂದಲೇ. ಅಲ್ಲಿ ಮೇಲಿನ ಜನ ಅದರ ಹಾಲು ಕುಡಿಯುತ್ತಾರೆ, ಮಾಂಸ ತಿನ್ನುತ್ತಾರೆ, ಕೂದಲಲ್ಲಿ ಡೇರೆ ನೇಯುತ್ತಾರೆ, ಸಗಣಿಯನ್ನೇ ಒಲೆಗೆ ಉರಿಸುತ್ತಾರೆ, ಚರ್ಮವನ್ನೂ ಬಿಸಾಡುವುದಿಲ್ಲ ಅಂತ ಅಜ್ಜಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ನಮ್ಮ ಅಡಿಕೆ ಮರದ ಹಾಗೆ" ಅಂದರು. ಆದರೂ ಅವರ ಮನೆಗೆ ಹೋಗುವಾಗ ನಾನು ಶೂವನ್ನು ಅಂಗಳದ ಆಚೆಗೇ ಬಿಡುತ್ತೇನೆ. ಅವರ ಮನಸ್ಸಿಗೆ ನೋವಾಗಬಾರದು.

ಇನ್ನು ನೀರು. ಗಂಬೂಟಿಗೆ ಇಲ್ಲಿ ಸಾಟಿಯೇ ಇಲ್ಲ. ಹಳ್ಳ ದಾಟುವಾಗ, ತೋಟದ ಕಾದಿಗೆಯಲ್ಲಿ, ಅಂದರೆ ನೀರು ಬಸಿಯುವ ಕಾಲುವೆಯಲ್ಲಿ ಇಳಿಯುವಾಗ ಮೊಣಕಾಲ ಕೆಳಗಿನವರೆಗೆ ಒಂದು ಹನಿ ಒಳಗೆ ಬರುವುದಿಲ್ಲ. ರಕ್ತ ಹೀರುವ ಉಂಬಳಕ್ಕೂ (ಜಿಗಣೆ) ಅದೇ ಮದ್ದು, ನುಣುಪು ರಬ್ಬರ್ ಮೇಲೆ ಹತ್ತಿದರೂ ಕಣ್ಣಿಗೆ ಬೀಳುತ್ತದೆ, ತೆಗೆದು ಬಿಸಾಡಬಹುದು. ಆದರೆ ಒಳಗಿನ ಬೆವರು ಹೊರಗೆ ಹೋಗುವುದಿಲ್ಲ. ಮಧ್ಯಾಹ್ನ ಬಿಚ್ಚಿದರೆ ಕಾಲುಚೀಲ ಹಿಂಡಬಹುದು. ನನ್ನ ಬೆರಳ ಸಂದಿ ಹುಣ್ಣು ಜಾಸ್ತಿಯಾಗಿದ್ದೆಲ್ಲ ಗಂಬೂಟಿನ ದಿನಗಳಲ್ಲೇ.

ಎಮ್ಮೆ ಶೂ ನೀರು ಕುಡಿದು ಭಾರವಾಗುತ್ತದೆ, ಬೆಳಗ್ಗೆಗೆ ಒಣಗಿರುವುದಿಲ್ಲ. ಯಾಕ್ ಶೂ ಜಿಟಿಜಿಟಿ ಮಳೆಗೆ ಜಗ್ಗುವುದಿಲ್ಲ, ಜೋರು ಮಳೆ ಹೊಡೆದರೆ ಒಂದೆರಡು ಗಂಟೆಯಲ್ಲಿ ನೀರು ಒಳಗೆ ಬರುತ್ತದೆ. ಆದರೆ ಸಂಜೆ ಹಳೇ ಪೇಪರ್ ತುರುಕಿಟ್ಟು, ಮಲಗುವಾಗ ಒಮ್ಮೆ ಪೇಪರ್ ಬದಲಿಸಿದರೆ ಬೆಳಗ್ಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ. ತೆಳ್ಳಗಿದ್ದದ್ದು ಬೇಗ ಒಣಗುತ್ತದೆ. ಹುಣ್ಣು ಕಾಟ ಈ ಎರಡು ವರ್ಷ ಅರ್ಧಕ್ಕೆ ಇಳಿದಿದೆ, ಅದು ನನಗೆ ಎಲ್ಲಕ್ಕಿಂತ ದೊಡ್ಡ ಲಾಭ. ಉಂಬಳದ ವಿಷಯದಲ್ಲಿ ಮಾತ್ರ ಎರಡು ಚರ್ಮದ ಶೂಗಳೂ ಒಂದೇ, ಲೇಸಿನ ತೂತಲ್ಲಿ ನುಗ್ಗಿಬಿಡುತ್ತವೆ. ಉಂಬಳಕ್ಕೆ ಅಂತ ಶೂ ಮೇಲೆ ಸುಣ್ಣ ಬಳಿಯಬೇಡಿ. ಚರ್ಮ ಹದ ಮಾಡುವ ಕಡೆ ಕೂದಲು ಉದುರಿಸುವುದಕ್ಕೆ ಬಳಸುವುದೇ ಸುಣ್ಣ, ಅದು ಚರ್ಮವನ್ನು ತಿನ್ನುತ್ತದೆ. ಕಾಲುಚೀಲಕ್ಕೆ ಹೊಗೆಸೊಪ್ಪಿನ ನೀರು ಹಾಕಿದರೆ ಸಾಕು.

ನ್ಯಾಯವಾಗಿ ಹೇಳಬೇಕೆಂದರೆ, ಈ ಹೋಲಿಕೆಯಲ್ಲಿ ಪ್ರಾಣಿ ಒಂದೇ ಬೇರೆಯಲ್ಲ, ಹದ ಮಾಡಿದ ರೀತಿಯೂ ಬೇರೆ. ನನ್ನ ಎಮ್ಮೆ ಚರ್ಮ ಮರದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು. ಹಿಂದೆ ನಮ್ಮ ಘಟ್ಟದ ಕಾಡಿನ ಅಳಲೆಕಾಯಿ ಇದೇ ಕೆಲಸಕ್ಕೆ ಹೋಗುತ್ತಿತ್ತು. ಯಾಕ್ ಶೂ ಕ್ರೋಮ್, ಅಂದರೆ ಕ್ರೋಮಿಯಂ ಉಪ್ಪು ಹಾಕಿ ಹದ ಮಾಡಿದ್ದು. ತೊಗಟೆಯ ಚರ್ಮ ಒದ್ದೆಯಿದ್ದಾಗ 75ರಿಂದ 85 ಡಿಗ್ರಿ ಬಿಸಿಗೇ ಮುರುಟುತ್ತದೆ, ಕ್ರೋಮ್ ಚರ್ಮ ಕುದಿನೀರಿನ ಬಿಸಿಯ ಹತ್ತಿರದವರೆಗೂ ತಡೆಯುತ್ತದೆ. ಬಚ್ಚಲೊಲೆ ಬಾಯಿ ಹತ್ತಿರ ಇಟ್ಟು ನಾನು ಮೊದಲ ಎಮ್ಮೆ ಶೂ ಜೋಡಿಯನ್ನು ಕಳೆದುಕೊಂಡದ್ದು ಹಾಗೇ. ಬೆಳಗ್ಗೆ ನೋಡಿದರೆ ಒಣಗಿದ ಹಲಸಿನ ಸಿಪ್ಪೆ ಥರ ಆಗಿತ್ತು. ಕ್ರೋಮ್ ಹಾಕಿದ ಎಮ್ಮೆ ಚರ್ಮವನ್ನೇ ತಂದು ಹೊಲಿಸಿದ್ದರೆ ಅಂತರ ಸ್ವಲ್ಪ ಕಡಿಮೆಯಾಗುತ್ತಿತ್ತು. ಆದರೆ ತೂಕದ ಅಂತರ ಹೋಗುತ್ತಿರಲಿಲ್ಲ.

ಬೂಷ್ಟು ಯಾವ ಚರ್ಮವನ್ನೂ ಬಿಡುವುದಿಲ್ಲ. ನಾಲ್ಕು ದಿನ ರಜೆ ಹಾಕಿ ಶೂ ಮೂಲೆಯಲ್ಲಿಟ್ಟರೆ ಯಾಕ್ ಮೇಲೂ ಬಿಳಿ ಪುಡಿ. ಒಣ ಬಟ್ಟೆಯಲ್ಲಿ ಒರೆಸಿ, ಜೇನುಮೇಣವನ್ನು ಸ್ವಲ್ಪ ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ತೆಳ್ಳಗೆ ಸವರಿ, ಬೆಂಕಿಯಿಂದ ದೂರ ಅಟ್ಟದ ಗಾಳಿಯಲ್ಲಿ ಇಡುತ್ತೇನೆ.

ದುಡ್ಡಿನ ಮಾತು. ಗಂಬೂಟು ನಾನೂರು ಚಿಲ್ಲರೆ. ಎಮ್ಮೆ ಶೂ ಹೊಲಿಸಿದ್ದು 1,800. ಯಾಕ್ ಶೂಗೆ ಹುಡುಗ ಕೊಟ್ಟದ್ದು ನಮ್ಮ ಲೆಕ್ಕದಲ್ಲಿ 14,000 ರೂಪಾಯಿ. ನನ್ನ ಕೈಯಿಂದ ಆಗುವ ಬೆಲೆಯಲ್ಲ. ನಮ್ಮ ದೇಶದಲ್ಲಿ 2019ರ ಜಾನುವಾರು ಗಣತಿಯಲ್ಲಿ ಸಿಕ್ಕಿದ ಯಾಕ್ 58,000 ಮಾತ್ರ, ಪ್ರಪಂಚದ ಯಾಕ್‌ಗಳಲ್ಲಿ ಹೆಚ್ಚಿನವು ಚೀನಾದಲ್ಲೇ ಇವೆ. ಹಾಗಾಗಿ ಇಲ್ಲಿ ಅಗ್ಗಕ್ಕೆ ಸಿಗುವ ಕಾಲ ಹತ್ತಿರವಿಲ್ಲ. ದಿನವೂ ತೋಟಕ್ಕೆ ಹೋಗಿಬರುವವರಿಗೆ ಗಂಬೂಟೇ ಸಾಕು, ಇಷ್ಟು ಖರ್ಚು ಬೇಡ. ಇಡೀ ದಿನ ನಡೆಯುವವರು, ಕಾಲು ಹುಣ್ಣಾಗಿ ಸೋತವರು, ಹೊರಗಿಂದ ತಂದುಕೊಡುವ ಮಕ್ಕಳಿದ್ದರೆ ಖಂಡಿತ ಕೇಳಿ.

ಕೊಳ್ಳುವಾಗ ಅಟ್ಟೆ ನೋಡಿ. ನನ್ನ ಯಾಕ್ ಶೂ ಅಟ್ಟೆ ಪಾಲಿಯುರೆಥೇನ್ ಅನ್ನುವ ಒಂದು ಥರದ ಪ್ಲಾಸ್ಟಿಕ್‌ದು, ಅಚ್ಚಲ್ಲಿ ಹಾಕಿ ಕೂರಿಸಿದ್ದು, ಹೊಲಿಗೆ ಇಲ್ಲ. ಆ ಜಾತಿಯ ಅಟ್ಟೆ ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಒಳಗಿಂದಲೇ ಪುಡಿಯಾಗುತ್ತದೆ, ನಮ್ಮ ಮಲೆನಾಡಲ್ಲಿ ತೇವಕ್ಕೇನು ಬರ. ಬಲಗಾಲಿನ ಹಿಮ್ಮಡಿಯಲ್ಲಿ ಈಗಲೇ ಸಣ್ಣ ಬಿರುಕು ಕಾಣುತ್ತಿದೆ. ಹೋದ ವಾರ ಗಾಂಧಿ ಬಜಾರಿನ ಹಿರಿಯರಿಗೆ ತೋರಿಸಿದೆ. ಅವರು ತಿರುಗಿಸಿ ನೋಡಿ, ಉಗುರಲ್ಲಿ ಕೆರೆದು, "ಇದು ಪೂರ್ತಿ ಬಿಡಲಿ, ಆಮೇಲೆ ತನ್ನಿ. ಮೇಲಿನ ಚರ್ಮಕ್ಕೆ ಏನೂ ಆಗಿಲ್ಲ. ಸುತ್ತ ಪಟ್ಟಿ ಕೊಟ್ಟು ಟೈರ್ ಅಟ್ಟೆ ಹೊಲಿದುಕೊಡ್ತೀನಿ" ಅಂದರು.