ಸೀಗಡಿ ಹೊಂಡದ ನೀರು ಪರೀಕ್ಷಿಸುವ ಕಿಟ್: ಒಂದು ಬೆಳೆ ಬಳಸಿದ ಮೇಲೆ

ಕುಮಟಾ ಪೇಟೆಯಲ್ಲಿ ಸೀಗಡಿ ಆಹಾರ, ಸುಣ್ಣ, ಖನಿಜ ಮಿಶ್ರಣ ಮಾರುವ ಅಂಗಡಿಗಳಲ್ಲಿ ಈಗ ನೀರು ಪರೀಕ್ಷೆಯ ಕಿಟ್ಟೂ ಸಿಗುತ್ತದೆ. ಹನಿ ಹಾಕಿ ಬಣ್ಣ ನೋಡಿ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ), ಕ್ಷಾರೀಯತೆ (ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಶಕ್ತಿ), ಅಮೋನಿಯಾ, ನೈಟ್ರೈಟ್ ಮತ್ತು ಕರಗಿದ ಆಮ್ಲಜನಕ ತಿಳಿಯುವ ಈ ಪೆಟ್ಟಿಗೆಯ ಬೆಲೆ ಸುಮಾರು ಎರಡು ಚೀಲ ಆಹಾರದಷ್ಟು. ಅಘನಾಶಿನಿ ದಂಡೆಯ ಗಜನಿಯಲ್ಲಿರುವ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ಬಯಲಿನಲ್ಲಿರುವ ನಮ್ಮ ಹೊಂಡಗಳಲ್ಲಿ ಒಂದು ಪೂರ್ತಿ ಬೆಳೆಗೆ ಇದನ್ನು ಬಳಸಿದ್ದೇನೆ. ಆಮ್ಲಜನಕದ ಪರೀಕ್ಷೆಯೊಂದನ್ನು ಬಿಟ್ಟರೆ ಉಳಿದದ್ದಕ್ಕೆ ಕೊಟ್ಟ ಹಣ ಸಾರ್ಥಕ ಎಂಬುದು ನನ್ನ ಅಭಿಪ್ರಾಯ.

ಇಂಥ ಕಿಟ್ ನಮ್ಮ ಕರಾವಳಿಗೆ ಏಕೆ ಬೇಕು ಎಂಬುದಕ್ಕೆ ನದಿಯೇ ಕಾರಣ. ಅಘನಾಶಿನಿಗೆ ಅಣೆಕಟ್ಟಿಲ್ಲ, ಘಟ್ಟದ ಮೇಲೆ ಸುರಿದ ಮಳೆಯೆಲ್ಲ ತಡೆಯಿಲ್ಲದೆ ಅಳಿವೆಗೆ ಬಂದು ಸೇರುವುದರಿಂದ, ಬೇಸಿಗೆಯಲ್ಲಿ ಉಪ್ಪಾಗಿದ್ದ ಗಜನಿಯ ನೀರು ಮಳೆಗಾಲದಲ್ಲಿ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಮೀನು ಸೀಗಡಿ ಎಂಬ ಹಿರಿಯರ ಪದ್ಧತಿ ಈ ಬದಲಾವಣೆಗೆ ಹೊಂದಿಕೊಂಡೇ ಬೆಳೆದದ್ದು. 2009ರಲ್ಲಿ ದೇಶದಲ್ಲಿ ಹೊರದೇಶದ ತಳಿಯಾದ ವನಾಮಿ ಸೀಗಡಿಗೆ ಅನುಮತಿ ಸಿಕ್ಕ ಮೇಲೆ ಲೆಕ್ಕ ಬದಲಾಯಿತು. ನಿಯಮದ ಪ್ರಕಾರ ಚದರ ಮೀಟರಿಗೆ 60 ಮರಿಗಳವರೆಗೆ ಬಿಡಬಹುದಾದ ಹೊಂಡದಲ್ಲಿ ಆಹಾರವೂ ಹೊಲಸೂ ಅಷ್ಟೇ ಹೆಚ್ಚು ಬೀಳುತ್ತವೆ. ಉಬ್ಬರ ಇಳಿತವೇ ನೀರನ್ನು ಶುದ್ಧಮಾಡುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಕಿಟ್ಟಿನಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಕ್ಷಾರೀಯತೆಯ ಪರೀಕ್ಷೆ. ಗೆರೆಯವರೆಗೆ ನೀರು ತುಂಬಿದ ನಳಿಕೆಗೆ ಸೂಚಕದ ಎರಡು ಹನಿ ಹಾಕಿದರೆ ನೀರು ಹಳದಿಯಾಗುತ್ತದೆ. ಬಳಿಕ ಆಮ್ಲವನ್ನು ಒಂದೊಂದೇ ಹನಿ ಹಾಕುತ್ತ, ಪ್ರತಿ ಹನಿಗೂ ಅಲುಗಾಡಿಸುತ್ತ ಹೋದಂತೆ ಕೊನೆಗೊಂದು ಹನಿಗೆ ಹಳದಿ ಥಟ್ಟನೆ ಕಿತ್ತಳೆಗೆ ತಿರುಗುತ್ತದೆ. ಹನಿಗಳ ಸಂಖ್ಯೆಯನ್ನು 10ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಉತ್ತರ ಕೈಗೆ ಬರುತ್ತದೆ. ಬಣ್ಣದ ಪಟ್ಟಿಗೆ ಹೋಲಿಸುವ ಗೊಂದಲ ಇಲ್ಲಿಲ್ಲ. ವನಾಮಿಗೆ ಇದು 100ಕ್ಕಿಂತ ಕೆಳಗಿಳಿಯಬಾರದು. ಜೂನಿನ ಮೊದಲ ದೊಡ್ಡ ಮಳೆಯ ನಂತರ ನಮ್ಮಲ್ಲಿ ಆರೇಳು ಹನಿಗೇ ಬಣ್ಣ ತಿರುಗುವುದನ್ನು ಕಂಡಿದ್ದೇನೆ. ಕ್ಷಾರೀಯತೆ ಕುಸಿದ ನೀರಿನಲ್ಲಿ ಪಿಎಚ್ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಹಳ ಏರಿಳಿಯುತ್ತದೆ, ಪೊರೆ ಕಳಚಿದ ಸೀಗಡಿಯ ಹೊಸ ಚಿಪ್ಪು ಬೇಗ ಗಟ್ಟಿಯಾಗುವುದಿಲ್ಲ. ಪಿಎಚ್ಚನ್ನು ದಿನಕ್ಕೊಮ್ಮೆ ಮಾತ್ರ ನೋಡಿದರೆ ಈ ಏರಿಳಿತ ಕಣ್ಣಿಗೆ ಬೀಳುವುದೇ ಇಲ್ಲ. ನಸುಕಿನಲ್ಲೊಮ್ಮೆ, ಮಧ್ಯಾಹ್ನ ಮೂರರ ಹೊತ್ತಿಗೊಮ್ಮೆ ನೋಡಬೇಕು. ಎರಡರ ನಡುವಿನ ಅಂತರ 0.5 ದಾಟಿದರೆ ಪಾಚಿ ಮಿತಿಮೀರಿದೆ ಅಥವಾ ಕ್ಷಾರೀಯತೆ ಸಾಲದು ಎಂದು ತಿಳಿಯಬೇಕು.

ಅಮೋನಿಯಾ ಪರೀಕ್ಷೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಪಾದರಸವಿರುವ ನೆಸ್ಲರ್ ದ್ರಾವಣದ ಹಳೆಯ ಮಾದರಿಯ ಕಿಟ್‌ಗಳಲ್ಲಿ ಉಪ್ಪುನೀರು ಕದಡಿದಂತಾಗಿ ಬಣ್ಣವೇ ತಿಳಿಯುವುದಿಲ್ಲ, ಮಿಕ್ಕ ದ್ರಾವಣವನ್ನು ಚೆಲ್ಲುವುದೂ ಅಪಾಯ. ಈ ಕಿಟ್ಟಿನದು ಸ್ಯಾಲಿಸಿಲೇಟ್ ವಿಧಾನ. ಹಸಿರು ಬಣ್ಣ ಮೂಡಲು ಸ್ವಲ್ಪ ಹೊತ್ತು ಕಾಯಬೇಕಾದರೂ ಗಜನಿಯ ನೀರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೊಳ್ಳುವ ಮುನ್ನ ಯಾವ ವಿಧಾನ ಎಂದು ಅಂಗಡಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಎರಡನೆಯದು ಇನ್ನೂ ಮುಖ್ಯ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಸೀಗಡಿಗೆ ವಿಷವಾಗುವುದು ಅದರಲ್ಲಿನ ಒಂದು ಪಾಲು ಮಾತ್ರ. ನೀರಿನ ಉಷ್ಣತೆ 28 ಡಿಗ್ರಿ ಇದ್ದಾಗ ಪಿಎಚ್ 8ರಲ್ಲಿ ಈ ಪಾಲು ಸ್ಥೂಲವಾಗಿ ನೂರಕ್ಕೆ 6, ಪಿಎಚ್ 9ರಲ್ಲಿ ನೂರಕ್ಕೆ 40ರ ಹತ್ತಿರ. ಉಪ್ಪುನೀರಿನಲ್ಲಿ ತುಸು ಕಡಿಮೆ. ಬೆಳಿಗ್ಗೆ ನಿರಪಾಯವೆನಿಸಿದ ಅದೇ ಅಂಕಿ ಮಧ್ಯಾಹ್ನ ಪ್ರಾಣಾಂತಿಕವಾಗಬಹುದು. ಅಮೋನಿಯಾ ಹೆಚ್ಚಿರುವಾಗ ಸುಟ್ಟ ಸುಣ್ಣ ಎರಚಿ ಪಿಎಚ್ ಏರಿಸುವುದು ವಿಷವನ್ನು ನಾವೇ ಹೆಚ್ಚಿಸಿದಂತೆ. ಅಂಥ ವೇಳೆ ಆಹಾರ ಕಡಿಮೆಮಾಡಿ, ನೀರಿಗೆ ಗಾಳಿ ಬೆರೆಸುವ ಏರೇಟರ್ ನಡೆಸಿ, ಸಾಧ್ಯವಿದ್ದಷ್ಟು ನೀರು ಬದಲಿಸುವುದೇ ಸರಿಯಾದ ಕ್ರಮ. ಇಷ್ಟೆಲ್ಲ ಮುಖ್ಯವಾದ ಈ ಸಂಗತಿ ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿದೆ, ಅದೂ ಸಣ್ಣ ಅಕ್ಷರಗಳಲ್ಲಿ.

ಆಮ್ಲಜನಕದ ಪರೀಕ್ಷೆ ಶಾಸ್ತ್ರೀಯವಾಗಿ ಸರಿಯಾದದ್ದೇ. ಗುಳ್ಳೆ ಉಳಿಯದಂತೆ ಬಾಟಲಿ ತುಂಬಿ, ಎರಡು ದ್ರಾವಣ ಹಾಕಿ, ಕಂದು ಚರಟ ಕೆಳಗಿಳಿಯಲು ಕಾಯ್ದು, ಆಮ್ಲ ಸೇರಿಸಿ, ಮತ್ತೆ ಹನಿ ಎಣಿಸಬೇಕು. ಆದರೆ ಆಮ್ಲಜನಕ ಅತಿ ಕಡಿಮೆಯಾಗುವುದು ಸೂರ್ಯ ಮೂಡುವ ಮುನ್ನ. ಆ ಹೊತ್ತಿನಲ್ಲಿ ಕಟ್ಟೆಯ ಮೇಲೆ ಬ್ಯಾಟರಿ ಬೆಳಕಿನಲ್ಲಿ ಇಷ್ಟು ಹಂತಗಳನ್ನು ಹೊಂಡದಿಂದ ಹೊಂಡಕ್ಕೆ ಮಾಡುತ್ತ ಹೋಗುವುದು ಕಷ್ಟ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದ ನೀರಿಗೆ ಆ ಕ್ಷಣವೇ ಏರೇಟರ್ ಬೇಕು. ಇದಕ್ಕೆ ಕೈಯಲ್ಲಿ ಹಿಡಿಯುವ ಮೀಟರೇ ಸರಿ. ನಾಲ್ಕೈದು ಜನ ರೈತರು ಸೇರಿ ಒಂದನ್ನು ಕೊಂಡರೂ ಆದೀತು.

ಉಪ್ಪಿನಂಶ ಅಳೆಯುವ ಸಾಧನ ಪೆಟ್ಟಿಗೆಯಲ್ಲಿಲ್ಲ, ರಿಫ್ರ್ಯಾಕ್ಟೋಮೀಟರ್ ಬೇರೆಯೇ ಕೊಳ್ಳಬೇಕು. ಬಿಳಿಚುಕ್ಕೆ ರೋಗದಂಥ ವೈರಸ್‌ಗಳನ್ನು ಈ ಕಿಟ್ ಪತ್ತೆಹಚ್ಚುವುದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಮಾಡುವ ಪಿಸಿಆರ್ ಪರೀಕ್ಷೆಯೇ ಆಗಬೇಕು. ಕೈಪಿಡಿ ಇಂಗ್ಲಿಷ್ ಮತ್ತು ತೆಲುಗಿನಲ್ಲಿ ಮಾತ್ರ ಇರುವುದು ನನಗೆ ನಿಜಕ್ಕೂ ಬೇಸರ ತಂದಿತು. ನಮ್ಮಲ್ಲಿ ಹೊಂಡ ನೋಡಿಕೊಳ್ಳುವವರು ಓದುವುದು ಕನ್ನಡ. ಒಂದು ಹಾಳೆ ಕನ್ನಡದಲ್ಲಿ ಮುದ್ರಿಸಿ ಕೊಡುವುದು ಕಂಪನಿಗೆ ಭಾರವಲ್ಲ.

ದ್ರಾವಣಗಳು ಬಿಸಿಲಿಗೂ ಸೆಕೆಗೂ ಬೇಗ ಕೆಡುವುದರಿಂದ ಪೆಟ್ಟಿಗೆಯನ್ನು ಹೊಂಡದ ಬದಿಯ ತಗಡಿನ ಶೆಡ್ಡಿನಲ್ಲಿ ಇಡದೆ ಮನೆಯೊಳಗೆ ನೆರಳಲ್ಲಿಡಬೇಕು. ಖಾಲಿಯಾದ ಬಾಟಲಿಗಳನ್ನು ಬಿಡಿಯಾಗಿ ಕೊಳ್ಳಬಹುದು, ಆದರೆ ಅಂಗಡಿಯಲ್ಲಿ ಬಹಳ ದಿನ ಕುಳಿತ ಸರಕು ಇರುವುದರಿಂದ ಅವಧಿ ಮುಗಿಯುವ ದಿನಾಂಕವನ್ನು ಬಾಟಲಿ ಬಾಟಲಿಗೂ ಓದಿಯೇ ತರಬೇಕು.