ಮಾಟುಂಗದ ಸ್ಟುಡಿಯೊ ಕಟ್ಟಿಕೊಟ್ಟ ಪ್ರವಾಹ

ಮುಂಬಯಿಯ ನಮ್ಮ ಹವ್ಯಾಸಿ ತಂಡವು 2005ರ ಜುಲೈ 26ರ ಮಹಾಪ್ರವಾಹದ ರಾತ್ರಿಯನ್ನು ಕುರಿತ ನಾಟಕವೊಂದನ್ನು ಕೈಗೆತ್ತಿಕೊಂಡಾಗ, ರಂಗದ ಹಿಂಭಾಗಕ್ಕೆ 20 ಅಡಿ ಅಗಲ, 10 ಅಡಿ ಎತ್ತರದ ಪರದೆಯೊಂದು ಬೇಕಾಯಿತು. ಪತ್ರಿಕೆಗಳ ಹಳೆಯ ಛಾಯಾಚಿತ್ರಗಳನ್ನು ಬಳಸಲು ಹಕ್ಕಿನ ತೊಡಕಿತ್ತು. ಅದಕ್ಕಿಂತ ಮಿಗಿಲಾಗಿ, ನಿಜವಾಗಿ ಸಂಕಟಪಟ್ಟವರ ಮುಖಗಳನ್ನು ರಂಗದ ಮೇಲೆ ಹರಡಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ಕಿಂಗ್ಸ್ ಸರ್ಕಲ್‌ನ ರೈಲ್ವೆ ಸೇತುವೆಯ ಸುತ್ತಲಿನ ರಸ್ತೆಯನ್ನು ಒಣ ದಿನದಲ್ಲಿ ನಾವೇ ಛಾಯಾಚಿತ್ರ ತೆಗೆದು, ಅದರಲ್ಲಿ ನೀರು ತುಂಬಿಸಿಕೊಡುವ ಕೆಲಸವನ್ನು ಮಾಟುಂಗದ ಒಂದು ಸಣ್ಣ ಡಿಜಿಟಲ್ ಸ್ಟುಡಿಯೊಗೆ ಒಪ್ಪಿಸಿದೆವು. ಮುದ್ರಣವೂ ಸೇರಿ 18,000 ರೂಪಾಯಿ, ಮೂರು ವಾರ.

ಮೊದಲ ಕರಡು ನಿರಾಸೆ ಉಂಟುಮಾಡಿತು. ನೀರು ತಿಳಿ ನೀಲಿಯಾಗಿತ್ತು, ಅಲೆಗಳಿಗೆ ಕಡಲಿನ ಏರಿಳಿತವಿತ್ತು. ಆ ದಿನ ಕುರ್ಲಾದಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮ ತಂಡದ ಹಿರಿಯರೊಬ್ಬರು ಪರದೆಯನ್ನು ಕಂಡ ಕೂಡಲೇ, "ನೀರು ಹೀಗಿರಲಿಲ್ಲ ಮಾರಾಯ್ರೆ, ಚಹಾದ ಬಣ್ಣ ಇತ್ತು, ಮೇಲೆ ಎಣ್ಣೆ ತೇಲುತ್ತಿತ್ತು" ಎಂದರು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮಿಠಿ ನದಿ ಉಕ್ಕಿದ ದಿನ ಅದು. ಕುರ್ಲಾದಿಂದ ಸಯನ್‌ವರೆಗೆ ಎದೆಮಟ್ಟದ ನೀರಿನಲ್ಲಿ ನಡೆದು ಬಂದವನಾದ ನನಗೂ ಆ ನೀಲಿಯನ್ನು ಒಪ್ಪಿಕೊಳ್ಳುವುದು ಸಾಧ್ಯವಾಗಲಿಲ್ಲ.

ಬಣ್ಣಕ್ಕಿಂತ ದೊಡ್ಡ ತಪ್ಪು ಮಟ್ಟದಲ್ಲಿತ್ತು. ಬಸ್ಸಿಗೂ ಟ್ಯಾಕ್ಸಿಗೂ ಅಂಗಡಿಯ ಮೆಟ್ಟಿಲಿಗೂ ಒಂದೇ ಅಳತೆಯಲ್ಲಿ, ಮೊಣಕಾಲೆತ್ತರಕ್ಕೆ ನೀರು ಬಳಿದಿದ್ದರು. ರಸ್ತೆ ಎಷ್ಟೇ ಇಳಿಜಾರಾಗಿದ್ದರೂ ನಿಂತ ನೀರಿನ ಮೇಲ್ಮೈ ಸಮತಲವಾಗಿಯೇ ಇರುತ್ತದೆ. ಎತ್ತರದಲ್ಲಿ ಪಾದ ಮುಳುಗುವಷ್ಟು ನೀರಿದ್ದರೆ ತಗ್ಗಿನಲ್ಲಿ ಟ್ಯಾಕ್ಸಿಯ ಕಿಟಕಿ ಮುಚ್ಚಿಹೋಗಿರುತ್ತದೆ. ಇದನ್ನು ವಿವರಿಸಿದಾಗ ಕೆಲಸ ಮಾಡುತ್ತಿದ್ದ ಹುಡುಗ ವಾದಕ್ಕಿಳಿಯದೆ, ನಮ್ಮನ್ನು ಪಕ್ಕದಲ್ಲೇ ಕೂರಿಸಿಕೊಂಡು ಫೋಟೊಶಾಪಿನಲ್ಲಿ ಪ್ರತಿ ವಸ್ತುವಿನ ಲೇಯರಿನ, ಅಂದರೆ ಚಿತ್ರದ ಪದರದ, ಮಾಸ್ಕನ್ನು (ಪದರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ಗುರುತಿಸುವ ಮುಸುಕನ್ನು) ಒಂದೊಂದಾಗಿ ಸರಿಪಡಿಸಿದನು. ಈ ಸ್ಟುಡಿಯೊದ ನಿಜವಾದ ಗುಣ ನನಗೆ ಕಂಡದ್ದು ಆ ಮಧ್ಯಾಹ್ನ.

ಆಮೇಲಿನ ಕೆಲಸದಲ್ಲಿ ಕಸುಬಿತ್ತು. ಬಸ್ಸಿನ ಕೆಂಪನ್ನು ತಲೆಕೆಳಗಾಗಿಸಿ ನೀರಿನಲ್ಲಿ ಪ್ರತಿಬಿಂಬವಾಗಿ ಇಟ್ಟನು, ಆದರೆ ಕನ್ನಡಿಯಂತೆ ಬಿಡದೆ, ಕೆಸರುನೀರು ತೋರಿಸುವಷ್ಟೇ ಮಸುಕಾಗಿ, ಅಲೆಗಳ ಏರಿಳಿತಕ್ಕೆ ಮುರಿದು ತುಂಡಾಗಿಸಿದನು. ಗೋಡೆಯ ಮೇಲೆ ನೀರಿನ ಗೆರೆಗಿಂತ ಒಂದು ಗೇಣು ಮೇಲಕ್ಕೆ, ನೆನೆದ ಸಿಮೆಂಟಿನ ಗಾಢ ಪಟ್ಟಿಯೊಂದನ್ನು ಎಳೆದನು. ಆ ಪಟ್ಟಿ ಬಂದ ಕ್ಷಣದಿಂದ ನೀರು ಚಿತ್ರಕ್ಕೆ ಅಂಟಿಸಿದ್ದೆಂಬ ಭಾವ ಹೋಗಿ, ಅಲ್ಲಿಯೇ ಗಂಟೆಗಟ್ಟಲೆ ನಿಂತದ್ದೆಂಬ ನಂಬಿಕೆ ಬಂತು. ನಾವು ಬಿಸಿಲಿನಲ್ಲಿ ತೆಗೆದಿದ್ದರಿಂದ ನೆರಳುಗಳು ಚೂಪಾಗಿದ್ದವು, ಮೋಡ ಕವಿದ ಆಕಾಶದಡಿ ಅಂಥ ನೆರಳು ಬೀಳುವುದಿಲ್ಲ. ಅವನ್ನು ಅಳಿಸಲು ಎರಡು ದಿನ ಹಿಡಿಯಿತು. ಮೋಡದ ದಿನದಲ್ಲಿ ಛಾಯಾಚಿತ್ರ ತೆಗೆಯಿರಿ ಎಂದು ಅವರು ಮೊದಲೇ ತಿಳಿಸಬೇಕಿತ್ತು.

ಜನಸಂದಣಿಯನ್ನೂ ಹಿಂದಿನ ಅಂಗಡಿಗಳನ್ನೂ ಕೃತಕ ಬುದ್ಧಿಮತ್ತೆಯಿಂದ ತುಂಬಿಸಿದ್ದು ಮಾತ್ರ ಕೊನೆಯವರೆಗೂ ಕಾಡಿತು. ದೂರದಿಂದ ಸರಿ, ಹತ್ತಿರ ಹೋದರೆ ಫಲಕಗಳ ಮೇಲಿನ ದೇವನಾಗರಿ ಯಾವ ಭಾಷೆಗೂ ಸೇರದ ಗೀಟುಗಳಾಗಿದ್ದವು. ಫಲಕಗಳನ್ನು ನಮ್ಮ ಮೂಲ ಛಾಯಾಚಿತ್ರದಿಂದಲೇ ಮರಳಿ ತರಿಸಿದೆವು. ಒಂದೇ ಸುಳಿ ನೀರಿನಲ್ಲಿ ಮೂರು ಕಡೆ ಮರುಕಳಿಸಿದ್ದನ್ನೂ ನಾವೇ ಹುಡುಕಿ ತೋರಿಸಬೇಕಾಯಿತು.

ಮೆಚ್ಚಲೇಬೇಕಾದ ಸಂಗತಿ ಇನ್ನೊಂದಿದೆ. ಪ್ರಚಾರಕ್ಕಾಗಿ ಮೊಬೈಲಿನಲ್ಲಿ ಕಳುಹಿಸಲು ಸಣ್ಣ ಪ್ರತಿ ಕೇಳಿದಾಗ, "ನಾಟಕಕ್ಕಾಗಿ ರಚಿಸಿದ ಚಿತ್ರ" ಎಂಬ ಸಾಲನ್ನು ಕನ್ನಡ ಮತ್ತು ಮರಾಠಿಯಲ್ಲಿ ಚಿತ್ರದೊಳಗೇ ಬರೆಯದೆ ಕೊಡುವುದಿಲ್ಲ ಎಂದು ಸ್ಟುಡಿಯೊದವರು ಪಟ್ಟುಹಿಡಿದರು. 2011ರಲ್ಲಿ ಐರೀನ್ ಚಂಡಮಾರುತದ ಹೊತ್ತಿಗೆ, ಪೋರ್ಟೊ ರಿಕೊದ ಮುಳುಗಿದ ರಸ್ತೆಯಲ್ಲಿ ಶಾರ್ಕ್ ಈಜುತ್ತಿದೆ ಎಂದು ಹರಡಿದ ಚಿತ್ರದ ಶಾರ್ಕನ್ನು ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ತೆಗೆದ ಬೇರೊಂದು ಛಾಯಾಚಿತ್ರದಿಂದ ಕತ್ತರಿಸಿ ತಂದಿದ್ದರು. ಮುಂದಿನ ಪ್ರವಾಹಗಳಲ್ಲಿ ಅದೇ ಚಿತ್ರ ಬೇರೆ ಬೇರೆ ಊರುಗಳ ಹೆಸರಿನಲ್ಲಿ ಮರಳಿ ಮರಳಿ ಬಂತು. ಮಳೆಗಾಲದ ಮುಂಬಯಿಯಲ್ಲಿ ಇಂಥ ಒಂದು ಚಿತ್ರ ಕೈಬದಲಾದರೆ, ಮಕ್ಕಳನ್ನು ಶಾಲೆಯಿಂದ ಕರೆತರಲು ಹೊರಟ ತಾಯಂದಿರು ಯಾವ ರಸ್ತೆಯನ್ನು ನಂಬಬೇಕು? ಆ ಸಾಲು ಚಿತ್ರದ ಅಂದಕ್ಕೆ ಅಡ್ಡಿಯೆಂದು ನಮ್ಮಲ್ಲಿ ಒಬ್ಬಿಬ್ಬರು ಗೊಣಗಿದರು. ನಾನು ಸ್ಟುಡಿಯೊದ ಪರವಾಗಿ ನಿಂತೆ.

ಕೆಲಸ ಒಪ್ಪಿಸುವವರು ಲೇಯರುಗಳಿರುವ ಮೂಲ ಕಡತವನ್ನು ಆರಂಭದಲ್ಲೇ ಕೇಳಿಡಬೇಕು. ಇಷ್ಟು ದೊಡ್ಡ ಚಿತ್ರ ಫೋಟೊಶಾಪಿನ ಸಾಮಾನ್ಯ ಕಡತ ರೂಪವಾದ ಪಿಎಸ್‌ಡಿಯ 2 ಜಿಬಿ ಮಿತಿಯನ್ನು ದಾಟುವುದರಿಂದ ಅದನ್ನು ದೊಡ್ಡ ಕಡತಗಳಿಗಾಗಿಯೇ ಇರುವ ಪಿಎಸ್‌ಬಿಯಾಗಿ ಉಳಿಸಿಕೊಡುತ್ತಾರೆ. ಪೆನ್‌ಡ್ರೈವ್ ನಾವೇ ಒಯ್ಯಬೇಕು. ಮುದ್ರಣಕ್ಕೆ ಹೊಳಪಿನ ಫ್ಲೆಕ್ಸ್ ಬೇಡವೆಂದು, ಹೊಳಪಿಲ್ಲದ ಬಟ್ಟೆಯೇ ಬೇಕೆಂದು ಬರೆದುಕೊಡಿ. ನಾವು ಹಾಗೆ ಮಾಡದೆ ಹೋದುದರಿಂದ, ರಂಗದೀಪದ ಬೆಳಕು ಬಿದ್ದಾಗ ಬಲಮೂಲೆ ಬೆಳಗಿ, ಅಷ್ಟು ಜತನದಿಂದ ಮುಳುಗಿಸಿದ ಆ ಕೆಂಪು ಬಸ್ಸು ಮುಂದಿನ ಎರಡು ಸಾಲಿನವರಿಗೆ ಕಾಣಲೇ ಇಲ್ಲ.