ದಕ್ಕೆಗೆ ಏಣಿ ಹಾಕಿಸುವವರೇ, ಅಳತೆ ಇಳಿತದ ಹೊತ್ತಿಗೆ ತೆಗೆಯಿರಿ

ಉಡುಪಿ ಕಡೆ, ಅಳಿವೆ ಹತ್ತಿರದ ಖಾಸಗಿ ದಕ್ಕೆಯೊಂದರಲ್ಲಿ ಹಾಕಿಸಿ ವರ್ಷವೂ ತುಂಬದ ಸ್ಟೀಲ್ ಏಣಿ, ನೀರಿನಿಂದ ಹತ್ತುತ್ತಿದ್ದವರ ಸಮೇತ ಕಿತ್ತು ಬಂತು. ಕಂಬಕ್ಕೆ ಕಚ್ಚಿದ್ದ ಚಿಪ್ಪಿಗೆ ತಾಗಿ ಅವರ ಮೊಣಕಾಲು ಸೀಳಿತು. ಮೇಲಿನ ಎರಡು ಬೋಲ್ಟುಗಳು ಮುಷ್ಟಿಗಾತ್ರದ ಕಾಂಕ್ರೀಟ್ ಚೂರನ್ನು ಕಚ್ಚಿಕೊಂಡೇ ನೀರಿಗೆ ಬಿದ್ದಿದ್ದವು.

ಬೈಗುಳವೆಲ್ಲ ಬೋಲ್ಟಿಗೆ ಹೋಯಿತು. ಆದರೆ ತಪ್ಪು ಶುರುವಾಗಿದ್ದು ಟೇಪು ಹಿಡಿದ ದಿನ. ಅಂದು ನೀರು ಭರತದಲ್ಲಿತ್ತು. ಎರಡು ಮೆಟ್ಟಿಲು ನೀರೊಳಗಿದ್ದರೆ ಸಾಕು ಎಂದು ಲೆಕ್ಕ ಹಾಕಿದರು. ಹುಣ್ಣಿಮೆ, ಅಮಾವಾಸ್ಯೆ ಸುತ್ತ ಇಲ್ಲಿ ನೀರು ನಾಲ್ಕಡಿಯಷ್ಟು ಏರಿಳಿಯುತ್ತದೆ. ಇಳಿತಕ್ಕೆ ಕೊನೆಯ ಮೆಟ್ಟಿಲು ಈಜುವವರ ತಲೆಯ ಮೇಲೆ ನೇತಾಡುತ್ತಿತ್ತು. ಕಾಲಿಗೆ ಮೆಟ್ಟಿಲು ಸಿಗದಿದ್ದರೆ ಮನುಷ್ಯ ಗೋಡೆಗೆ ಪಾದ ಒತ್ತಿ, ಏಣಿಯನ್ನು ತನ್ನತ್ತ ಜಗ್ಗುತ್ತಾನೆ. ಕೆಳಮುಖವಾಗಿ ಬೀಳಬೇಕಾದ ಭಾರ ಬೋಲ್ಟನ್ನು ಹೊರಕ್ಕೆ ಎಳೆಯತೊಡಗುತ್ತದೆ. ಹಾಗಾಗಿ ಅತಿ ಕಡಿಮೆ ನೀರಿನ ಮಟ್ಟದಿಂದಲೂ ಮೂರಡಿ ಕೆಳಗೆ ಕೊನೆಯ ಮೆಟ್ಟಿಲು ಬರಲಿ. ಮೆಟ್ಟಿಲ ನಡುವೆ 25ರಿಂದ 30 ಸೆಂ.ಮೀ., ಮೆಟ್ಟಿಲಿಗೂ ಗೋಡೆಗೂ 15 ಸೆಂ.ಮೀ.ಗೆ ಕಡಿಮೆಯಿಲ್ಲದ ಅಂತರ. ಇಲ್ಲದಿದ್ದರೆ ಹೆಬ್ಬೆರಳು ಮಾತ್ರ ಊರುತ್ತದೆ. ಏಣಿಯ ಹಿಡಿಕೆ ದಕ್ಕೆಯಿಂದ ಮೂರಡಿ ಮೇಲೇಳಬೇಕು. ಒದ್ದೆ ಮೈಯಲ್ಲಿ ಕೊನೆಯ ಹೆಜ್ಜೆಯೇ ಕಷ್ಟದ್ದು.

ಇನ್ನು ಬೋಲ್ಟು. ಅಲ್ಲಿ ಬಡಿದದ್ದು ಬಿಗಿ ಮಾಡಿದಂತೆಲ್ಲ ಹಿಗ್ಗುವ ಸಾದಾ ಆಂಕರ್, ಅದೂ ಅಂಚಿನಿಂದ ಎರಡೇ ಇಂಚಿಗೆ. ಅದು ಹಿಗ್ಗಿದಾಗಲೇ ಒಳಗೆ ಬಿರುಕು ಬಿದ್ದಿರುತ್ತದೆ, ಉಪ್ಪುನೀರು ಉಳಿದದ್ದನ್ನು ಮುಗಿಸುತ್ತದೆ. ತೂತಿಗೆ ಅಂಟು ತುಂಬಿ ರಾಡು ಕೂರಿಸುವ ಕೆಮಿಕಲ್ ಆಂಕರ್ ಹಾಕಿಸಿ: 12 ಮಿ.ಮೀ. ರಾಡಿಗೆ 14 ಮಿ.ಮೀ. ತೂತು, 11 ಸೆಂ.ಮೀ. ಆಳ, ಅಂಚಿನಿಂದ ಕನಿಷ್ಠ 10 ಸೆಂ.ಮೀ. ಒಳಗೆ. ತೂತನ್ನು ಊದಿ, ಬ್ರಷ್ ಹಾಕಿ, ಮತ್ತೆ ಊದಬೇಕು. ಧೂಳಿದ್ದರೆ ಅಂಟು ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ. ಒದ್ದೆ ತೂತಿಗೂ ಆಗುವ ಅಂಟೇ ಬೇಕು ಎಂದು ಅಂಗಡಿಯಲ್ಲಿ ಕೇಳಿ. ಮುರಕಲ್ಲಿನ ಗೋಡೆಗೆ ಮಾತ್ರ ಇದ್ಯಾವುದೂ ನೆಚ್ಚಿಕೆಯಲ್ಲ. ಅಲ್ಲಿ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಬೀಮ್ ಎರೆದೇ ಏಣಿ ಕೂರಿಸಬೇಕು.

ಕಿತ್ತು ಬಂದ ಏಣಿಯ ಪ್ರತಿ ವೆಲ್ಡಿಂಗ್ ಸುತ್ತ ಚಹಾಬಣ್ಣದ ತುಕ್ಕಿನ ಉಂಗುರ ಇತ್ತು. ‘ಮ್ಯಾಗ್ನೆಟ್ ಹಿಡಿಯಲ್ಲ ನೋಡಿ, ಒರಿಜಿನಲ್ ಎಸ್ಎಸ್’ ಎಂದು ತೋರಿಸಿ ಮಾರಿದ್ದು! ಸ್ಟೇನ್‌ಲೆಸ್ ಸ್ಟೀಲಿನ 202 ಗ್ರೇಡಿಗೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ, 304ಕ್ಕೂ ಇಲ್ಲ, 316ಕ್ಕೂ ಇಲ್ಲ. ಉಪ್ಪುನೀರಿಗೆ ಬೇಕಾದದ್ದು 316. ಅದರಲ್ಲಿ ಶೇ. 2–3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಸೂಜಿಮೊನೆಯಂಥ ತೂತು ಬೀಳುವುದನ್ನು ತಡೆಯುವುದು ಅದೇ. ಗುರುತಿಸಲು, ಮಾಲಿಬ್ಡಿನಮ್ ಇದ್ದರೆ ಬಣ್ಣ ಬದಲಿಸುವ ಮೋಲಿ ಟೆಸ್ಟ್ ದ್ರವದ ಒಂದು ಹನಿ ಸಾಕು. ವೆಲ್ಡಿಂಗ್ ರಾಡೂ ಬೋಲ್ಟೂ 316ರದ್ದೇ ಇರಲಿ, ವೆಲ್ಡಿಂಗ್ ಸುತ್ತ ಸುಟ್ಟ ಬಣ್ಣವನ್ನು ಪಿಕ್ಲಿಂಗ್ ಪೇಸ್ಟ್ ಎಂಬ ಆಮ್ಲದ ಲೇಪ ಹಚ್ಚಿ ತೆಗೆಸಿ. ಅಲ್ಯೂಮಿನಿಯಂ ಏಣಿ ತಂದವರು ಸ್ಟೀಲ್ ಬೋಲ್ಟಿನ ಜೊತೆ ನೈಲಾನ್ ಬುಷ್, ವಾಷರ್ ಹಾಕದಿದ್ದರೆ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಸದಾ ನೀರಲ್ಲಿರುವ ಮೆಟ್ಟಿಲಿಗೆ ಚಿಪ್ಪು ಕಚ್ಚಿಕೊಂಡು ಅದು ಅರದಂತಾಗುತ್ತದೆ. ಕೆಳಭಾಗ ಮಡಚಿ ಮೇಲೆತ್ತುವ ಏಣಿ ಒಳ್ಳೆಯದು, ಆದರೆ ನೀರಿಗೆ ಬಿದ್ದವರೇ ಒಂದು ಕೈಯಲ್ಲಿ ಅದನ್ನು ಕೆಳಗೆಳೆಯುವಂತಿರಬೇಕು. ಮೇಲಿನಿಂದ ಯಾರೋ ಕೊಕ್ಕೆ ಬಿಚ್ಚಬೇಕಾದರೆ ಅದು ಇದ್ದೂ ಇಲ್ಲದ ಹಾಗೆ. ಮತ್ತೆ, ದೀಪಾಲಂಕಾರದ ವೈರನ್ನು ಏಣಿಗೆ ಸುತ್ತಬೇಡಿ. ದಕ್ಕೆಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್, ಇರಲೇಬೇಕು.

ಕೊನೆಯ ಕಂತು ಕೈಯಲ್ಲೇ ಇರಲಿ. ಇಳಿತದ ಹೊತ್ತಿಗೆ ಫ್ಯಾಬ್ರಿಕೇಟರಿಗೆ ಲೈಫ್ ಜಾಕೆಟ್ ಹಾಕಿಸಿ, ನೀರಿಗಿಳಿದು ಹತ್ತಿ ತೋರಿಸಲು ಹೇಳಿ. ಏಣಿ ಎಷ್ಟು ಗಿಡ್ಡ ಎಂಬುದನ್ನು ಅವರೇ ಹೇಳುತ್ತಾರೆ.